ನಗರದಂಚಿನ ಕೃಷಿಯಲ್ಲಿ ಹವಾಮಾನ ಹೊಂದಾಣಿಕೆ: ಹೊಲದಲ್ಲಿ ದುಡಿಯುವ ಮಹಿಳೆಯನ್ನು ಒಳಗೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ಆನೇಕಲ್ ತಾಲ್ಲೂಕಿನ ಒಂದು ಗ್ರಾಮದಲ್ಲಿ ಸೊಪ್ಪಿನ ಬೆಳೆಗೆ ಹನಿ ನೀರಾವರಿ ಪ್ರಾತ್ಯಕ್ಷಿಕೆಯನ್ನು ಕೈಗೊಂಡಿದ್ದೆವು. ಪಹಣಿ ನೋಡಿ ಫಲಾನುಭವಿಯನ್ನು ಆಯ್ಕೆ ಮಾಡಿ, ಪರಿಕರಗಳನ್ನು ವಿತರಿಸಿ, ತರಬೇತಿಯನ್ನೂ ನೀಡಿದೆವು. ಮರುವರ್ಷ ಬೇಸಿಗೆಯಲ್ಲಿ ಅದೇ ತಾಕಿಗೆ ಭೇಟಿ ನೀಡಿದಾಗ ಒಬ್ಬ ಮಹಿಳೆ ಬಿಂದಿಗೆಯಲ್ಲಿ ನೀರು ಹೊತ್ತು ಮಡಿಗಳಿಗೆ ಹಾಕುತ್ತಿದ್ದರು. ಪೈಪುಗಳೆಲ್ಲಿ ಎಂದು ಕೇಳಿದೆ. “ಪೈಪು ಓನರ್ ಮನೇಲವೆ ಸಾರ್. ನಾನು ವಾರಕ್ಕೆ ಮಾಡೋಳು. ಮುಂದಿನ್ ವರ್ಷ ಈ ಜಮೀನು ನಂಗೇ ಕೊಡ್ತಾರೋ ಇಲ್ವೋ. ಆವತ್ತು ನೀವೂ ನನ್ನ ಕೇಳ್ಲಿಲ್ವಲ್ಲ” ಎಂದರು.

ತಪ್ಪು ನಮ್ಮದಾಗಿತ್ತು. ನೆಲದ ಒಡೆಯರನ್ನು ರೈತರೆಂದು ಗುರುತಿಸಿದ್ದೆವು; ಬಿತ್ತಿ, ಕಳೆ ಕಿತ್ತು, ನೀರು ಹಾಯಿಸಿ, ಕೊಯ್ದು ಮಾರುವವರನ್ನು ಗುರುತಿಸಿರಲಿಲ್ಲ. ತಂತ್ರಜ್ಞಾನದಲ್ಲಿ ದೋಷವಿರಲಿಲ್ಲ. ಅದು ತಲುಪಬೇಕಾದವರನ್ನು ತಲುಪಲಿಲ್ಲ, ಅಷ್ಟೆ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕೃಷಿಯ ಬಗ್ಗೆ ನಾವು ನೀಡುವ ಅನೇಕ ಸಲಹೆಗಳು ನಗರದಂಚಿನಲ್ಲಿ ಹೀಗೆಯೇ ನಿಷ್ಫಲವಾಗುತ್ತವೆ. ನೀವು ರೈತರಾಗಿರಲಿ, ಸ್ವಸಹಾಯ ಸಂಘದ ಸದಸ್ಯರಾಗಿರಲಿ, ಪಂಚಾಯಿತಿ ಪ್ರತಿನಿಧಿಯಾಗಿರಲಿ ಅಥವಾ ವಿಸ್ತರಣಾ ಕಾರ್ಯಕರ್ತರಾಗಿರಲಿ, ಇದನ್ನು ಸರಿಪಡಿಸಲು ನಿಮ್ಮ ಮಟ್ಟದಲ್ಲಿ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಗರದಂಚಿನಲ್ಲಿ ಹವಾಮಾನ ವೈಪರೀತ್ಯದ ಸ್ವರೂಪ

ಹೊಸಕೋಟೆ, ಆನೇಕಲ್, ದೇವನಹಳ್ಳಿ, ದೊಡ್ಡಬಳ್ಳಾಪುರ ಮತ್ತು ಕೋಲಾರದ ಭಾಗಗಳು ರಾಜ್ಯದ ಪೂರ್ವ ಒಣ ವಲಯಕ್ಕೆ ಸೇರಿವೆ. ಇಲ್ಲಿನ ಮಳೆ ಎರಡು ಹಂತಗಳಲ್ಲಿ ಹೆಚ್ಚುತ್ತದೆ: ಮೊದಲನೆಯದು ಮೇ ತಿಂಗಳಿನಲ್ಲಿ, ಎರಡನೆಯದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ. ಮುಂಗಾರು ಪೂರ್ವದ ಮಳೆಗೆ ಉಳುಮೆ, ಜುಲೈನಲ್ಲಿ ರಾಗಿ ಬಿತ್ತನೆ, ಸೆಪ್ಟೆಂಬರ್ ಮಳೆಗೆ ತೆನೆ ಎಂಬುದು ಇಲ್ಲಿಯ ರೈತರು ತಲೆಮಾರುಗಳಿಂದ ಅನುಸರಿಸಿಕೊಂಡು ಬಂದ ಲೆಕ್ಕ. ಆ ಲೆಕ್ಕ ಈಗ ತಪ್ಪುತ್ತಿದೆ. 2022ರಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ವಾಡಿಕೆಗಿಂತ ಅತ್ಯಧಿಕ ಮಳೆ ಸುರಿದು ಕೆರೆಗಳು ಕೋಡಿ ಹರಿದವು, ತಗ್ಗಿನ ಹೊಲಗಳಲ್ಲಿ ನೀರು ನಿಂತಿತು. ಮರುವರ್ಷ, ಅಂದರೆ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 2024ರ ಬೇಸಿಗೆಯಲ್ಲಿ ನಗರಕ್ಕೂ ಕುಡಿಯುವ ನೀರಿನ ಬಿಕ್ಕಟ್ಟು ತಲೆದೋರಿತು.

ಈ ವೈಪರೀತ್ಯ ಎಲ್ಲೆಡೆಯೂ ಇದೆಯಾದರೂ ನಗರದಂಚಿನಲ್ಲಿ ಮೂರು ಕಾರಣಗಳಿಂದ ಅದರ ಪರಿಣಾಮ ತೀವ್ರವಾಗುತ್ತದೆ. ಮೊದಲನೆಯದಾಗಿ, ಬಡಾವಣೆಗಳ ಕಾಂಕ್ರೀಟು ಮತ್ತು ಡಾಂಬರು ಮಳೆನೀರನ್ನು ಇಂಗಲು ಬಿಡುವುದಿಲ್ಲ. ಅದೇ ನೀರು ಚರಂಡಿಯ ಕೊಳಚೆಯೊಡನೆ ಕೂಡಿ ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಎರಡನೆಯದಾಗಿ, ಕಟ್ಟಡಗಳು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಹೊರಬಿಡುವುದರಿಂದ ರಾತ್ರಿಯ ತಂಪು ಕಡಿಮೆಯಾಗುತ್ತದೆ. ಮೂರನೆಯದಾಗಿ, ಕಷ್ಟಕಾಲದಲ್ಲಿ ಬಡವರಿಗೆ ಆಸರೆಯಾಗಿದ್ದ ಗೋಮಾಳ, ಗುಂಡುತೋಪು, ಕೆರೆಯಂಗಳಗಳು ಬಡಾವಣೆ, ರಸ್ತೆ ಮತ್ತು ಗೋದಾಮುಗಳ ಪಾಲಾಗುತ್ತಿವೆ. ಹಸುವಿಗೆ ಹುಲ್ಲು, ಒಲೆಗೆ ಸೌದೆ, ಸಾರಿಗೆ ಬೆರಕೆ ಸೊಪ್ಪು ಇವನ್ನೆಲ್ಲ ಅಲ್ಲಿಂದ ತರುತ್ತಿದ್ದವರು ಹೆಚ್ಚಾಗಿ ಮಹಿಳೆಯರೇ. ಆದ್ದರಿಂದ ಆ ನಷ್ಟ ಮೊದಲು ತಟ್ಟುವುದೂ ಅವರಿಗೇ.

ಅಂಚಿನಲ್ಲಿರುವ ಮಹಿಳೆಯರು ಯಾರು?

‘ರೈತ ಮಹಿಳೆ’ ಎಂಬ ಒಂದೇ ಹೆಸರಿನಡಿ ನಾವು ಬೇರೆ ಬೇರೆ ಪರಿಸ್ಥಿತಿಯವರನ್ನು ಸೇರಿಸಿಬಿಡುತ್ತೇವೆ. ನಗರದಂಚಿನಲ್ಲಿ ಕನಿಷ್ಠ ಐದು ಗುಂಪುಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಅಗತ್ಯ.

1. ಬಾಯಿಮಾತಿನ ಗುತ್ತಿಗೆ ಅಥವಾ ವಾರಕ್ಕೆ ನೆಲ ಹಿಡಿದು ಸೊಪ್ಪು, ತರಕಾರಿ, ಹೂವು ಬೆಳೆಯುವವರು. ಬಡಾವಣೆಗೆಂದು ಖರೀದಿಯಾಗಿ ಸದ್ಯಕ್ಕೆ ಖಾಲಿ ಬಿದ್ದಿರುವ ನೆಲದಲ್ಲಿ ಬೇಸಾಯ ಮಾಡುವವರೂ ಇದರಲ್ಲಿದ್ದಾರೆ.
2. ಸ್ವಂತ ನೆಲವಿಲ್ಲದೆ ಕಳೆ, ಕೊಯ್ಲು, ಒಕ್ಕಣೆಗೆ ದಿನಗೂಲಿಗೆ ಹೋಗುವವರು.
3. ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳಿಗೆ ಮಂಜೂರಾದ ತುಂಡು ಭೂಮಿಯಲ್ಲಿ ದುಡಿಯುವವರು. ಇಂತಹ ಭೂಮಿಯ ಪರಭಾರೆಯನ್ನು 1978ರ ಕಾಯಿದೆ ನಿರ್ಬಂಧಿಸಿದೆ. ಆದರೂ ನಗರ ಸಮೀಪಿಸಿದಂತೆ ಅದನ್ನು ಉಳಿಸಿಕೊಳ್ಳುವುದೇ ದೊಡ್ಡ ಹೋರಾಟವಾಗುತ್ತದೆ.
4. ಒಂದೆರಡು ಹಸು ಸಾಕಿ ಡೇರಿಗೆ ಹಾಲು ಹಾಕುವ, ಮೇವಿಗೆ ತಮ್ಮದೇ ನೆಲವಿಲ್ಲದ ವಿಧವೆಯರು ಮತ್ತು ಒಂಟಿ ಮಹಿಳೆಯರು.
5. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಕುಟುಂಬದೊಡನೆ ವಲಸೆ ಬಂದು ತಾರ್ಪಾಲಿನ ಗುಡಿಸಲುಗಳಲ್ಲಿ ನೆಲೆಸಿ, ಕಟ್ಟಡ ಕೆಲಸ ಇಲ್ಲದ ದಿನ ಹೊಲದ ಕೂಲಿಗೆ ಬರುವವರು. ಸ್ಥಳೀಯ ಪಡಿತರ ಚೀಟಿಯಾಗಲಿ ಸಂಘದ ಸದಸ್ಯತ್ವವಾಗಲಿ ಇಲ್ಲದ ಕಾರಣ ಇವರು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

2007ರ ರಾಷ್ಟ್ರೀಯ ರೈತ ನೀತಿಯು ‘ರೈತ’ ಎಂಬ ಪದದ ವ್ಯಾಪ್ತಿಗೆ ಭೂಮಾಲೀಕರನ್ನಷ್ಟೇ ಅಲ್ಲದೆ ಗೇಣಿದಾರರು, ಪಾಲುಗಾರರು ಮತ್ತು ಕೃಷಿ ಕಾರ್ಮಿಕರನ್ನೂ ಸೇರಿಸಿದೆ. ಆದರೆ ಅನುಷ್ಠಾನದಲ್ಲಿ ಪಹಣಿಯೇ ರೈತರ ಗುರುತಾಗಿ ಉಳಿದಿದೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳ ಪೈಕಿ ಮಹಿಳೆಯರ ಹೆಸರಿನಲ್ಲಿದ್ದುದು ಶೇ. 14ರಷ್ಟು ಮಾತ್ರ. ವಿಶ್ವಸಂಸ್ಥೆಯು 2026ನೇ ಇಸವಿಯನ್ನು ಅಂತರರಾಷ್ಟ್ರೀಯ ಮಹಿಳಾ ಕೃಷಿಕರ ವರ್ಷವೆಂದು ಘೋಷಿಸಿದೆ. ಈ ಘೋಷಣೆ ಅರ್ಥಪೂರ್ಣವಾಗಬೇಕಾದರೆ ಮೊದಲು ಹೊಲದಲ್ಲಿ ನಿಂತವರು ಯಾರು ಎಂಬುದನ್ನು ನೋಡಿ ಗುರುತಿಸುವ ಕೆಲಸ ಆಗಬೇಕು.

ಗೇಣಿಯ ಅವಧಿಗೆ ತಕ್ಕ ತಂತ್ರಜ್ಞಾನ

ಹವಾಮಾನ ಹೊಂದಾಣಿಕೆಗೆ ನಾವು ಶಿಫಾರಸು ಮಾಡುವ ಅನೇಕ ಕ್ರಮಗಳು ದೀರ್ಘಾವಧಿಯವು. ಬದು, ಕೃಷಿ ಹೊಂಡ, ಬದುವಿನ ಮೇಲಿನ ಮರಗಳು, ಸಾವಯವ ಇಂಗಾಲದ ಹೆಚ್ಚಳ ಇವೆಲ್ಲ ಫಲ ನೀಡಲು ಹಲವು ವರ್ಷಗಳೇ ಬೇಕು. ಮುಂದಿನ ವರ್ಷ ಇದೇ ನೆಲ ದೊರೆಯುವ ಭರವಸೆಯಿಲ್ಲದ ಗುತ್ತಿಗೆದಾರ ಮಹಿಳೆ ಇವುಗಳ ಮೇಲೆ ಹಣ ಹೂಡುವುದಿಲ್ಲ. ಅದನ್ನು ಅಜ್ಞಾನವೆಂದು ತಿಳಿಯಬಾರದು. ಅವರ ಲೆಕ್ಕಾಚಾರ ಸರಿಯಾಗಿಯೇ ಇದೆ. ಆದ್ದರಿಂದ ತಂತ್ರಜ್ಞಾನವನ್ನು ಸೂಚಿಸುವ ಮೊದಲು ನೆಲ ಎಷ್ಟು ಕಾಲ ಕೈಯಲ್ಲಿರುತ್ತದೆ ಎಂದು ಕೇಳಿ ತಿಳಿಯಬೇಕು.

* ಒಂದು ಹಂಗಾಮು ಮಾತ್ರ ಇರುವವರಿಗೆ: ಅಲ್ಪಾವಧಿ ತಳಿ, ಬೀಜೋಪಚಾರ, ಹುಲ್ಲು ಅಥವಾ ತರಗಿನ ಹೊದಿಕೆ, ಎತ್ತರಿಸಿದ ಮಡಿ.
* ಒಂದರಿಂದ ಮೂರು ವರ್ಷ ಇರುವವರಿಗೆ: ಸುತ್ತಿ ಒಯ್ಯಬಹುದಾದ ಹನಿ ನೀರಾವರಿ ಕೊಳವೆಗಳು, ಬಿದಿರು ಗೂಟಕ್ಕೆ ಕಟ್ಟಿ ಬಿಚ್ಚಬಹುದಾದ ನೆರಳು ಪರದೆ, ಎರೆಹುಳು ಗೊಬ್ಬರದ ಚೀಲ ತೊಟ್ಟಿ. ಈ ಪರಿಕರಗಳು ಮಾಲೀಕರ ಹೆಸರಿನಲ್ಲಿರದೆ ಮಹಿಳೆಯ ಅಥವಾ ಅವರ ಸಂಘದ ಹೆಸರಿನಲ್ಲಿರಬೇಕು.
* ಸ್ವಂತ ನೆಲ ಅಥವಾ ಖಚಿತ ಹಕ್ಕು ಇರುವವರಿಗೆ: ಬದು, ಕೃಷಿ ಹೊಂಡ, ಬದುವಿನ ಮೇಲೆ ನುಗ್ಗೆ, ಗ್ಲಿರಿಸಿಡಿಯಾ ಮತ್ತು ಮೇವಿನ ಮರಗಳು.

ರಾಗಿ ಮತ್ತು ಅಕ್ಕಡಿ ಸಾಲು

ಮಳೆ ತಡವಾದಾಗ ರಾಗಿಯಲ್ಲಿ ತಳಿಯ ಆಯ್ಕೆಯೇ ಮೊದಲ ರಕ್ಷಣೆ. ಮುಂಗಾರಿನ ಆರಂಭದಲ್ಲಿಯೇ ಹದ ದೊರೆತರೆ ದೀರ್ಘಾವಧಿಯ ಎಂಆರ್-6 ಬಿತ್ತಬಹುದು. ಜುಲೈ ತಿಂಗಳಿನ ಬಿತ್ತನೆಗೆ ಸುಮಾರು 110ರಿಂದ 115 ದಿನಗಳ ಜಿಪಿಯು-28 ಅಥವಾ ಎಂಎಲ್-365 ಸೂಕ್ತ. ಆಗಸ್ಟ್ ತಿಂಗಳಿಗೆ ಮುಂದೂಡಿದರೆ ಸುಮಾರು 95ರಿಂದ 100 ದಿನಗಳ ಜಿಪಿಯು-48 ಅಥವಾ ಇಂಡಾಫ್-9 ಆರಿಸಿಕೊಳ್ಳಬೇಕು. ತಳಿ ಬದಲಿಸುವ ನಿರ್ಧಾರ ಮನೆಯಲ್ಲಿ ಒಬ್ಬರದಾಗಿ, ಬೀಜ ಹಸನು ಮಾಡಿ ಎತ್ತಿಡುವವರು ಇನ್ನೊಬ್ಬರಾದರೆ ಗೊಂದಲ ಖಚಿತ. ಆದ್ದರಿಂದ ಈ ಮಾಹಿತಿ ಇಬ್ಬರಿಗೂ ತಲುಪಬೇಕು.

ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳಗಳನ್ನು ಸಾಲು ಬಿಟ್ಟು ಬಿತ್ತುವ ಅಕ್ಕಡಿ ಪದ್ಧತಿ ಈ ಭಾಗದ ಹಳೆಯ ಹವಾಮಾನ ವಿಮೆಯೆಂದೇ ಹೇಳಬೇಕು. ರಾಗಿಗೆ ಮಳೆ ಕೈಕೊಟ್ಟರೂ ಆಳವಾಗಿ ಬೇರು ಬಿಡುವ ತೊಗರಿ, ಚಳಿಗಾಲದ ಇಬ್ಬನಿಯಲ್ಲಿ ಕಾಯಿ ಕಟ್ಟುವ ಅವರೆ ಮನೆಯ ಸಾರಿಗೆ ಆಧಾರವಾಗುತ್ತಿದ್ದವು. ದ್ವಿದಳ ಬೆಳೆಗಳ ಬೇರಿನ ಗಂಟುಗಳು ಸಾರಜನಕವನ್ನು ಸ್ಥಿರೀಕರಿಸುವುದರಿಂದ ಗೊಬ್ಬರದ ಖರ್ಚೂ ಉಳಿಯುತ್ತಿತ್ತು. ಅಕ್ಕಡಿ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿ ಕಾಪಾಡುತ್ತಿದ್ದವರು, ಯಾವ ಸಾಲಿಗೆ ಯಾವುದೆಂದು ನಿರ್ಧರಿಸುತ್ತಿದ್ದವರು ಮಹಿಳೆಯರು. ಕಳೆನಾಶಕ, ಯಂತ್ರದ ಕೊಯ್ಲು ಮತ್ತು ನೀಲಗಿರಿ ತೋಪುಗಳು ಬಂದಂತೆ ಅಕ್ಕಡಿಯೊಡನೆ ಈ ಅಧಿಕಾರವೂ ಮಹಿಳೆಯರ ಕೈತಪ್ಪಿತು.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎಂಬ ಶಿಫಾರಸನ್ನು ಅನುಸರಿಸಿದರೆ ಎಡೆ ಹೊಡೆಯಲೂ ತೊಂದರೆಯಾಗುವುದಿಲ್ಲ. ನಿಮ್ಮ ಊರಿನಲ್ಲಿ ಇಂದಿಗೂ ನಾಟಿ ಅವರೆ, ಹುಚ್ಚೆಳ್ಳು ಬೀಜ ಉಳಿಸಿಕೊಂಡಿರುವ ಹಿರಿಯ ಮಹಿಳೆಯರನ್ನು ಗುರುತಿಸಿ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರ ನಿಯಮಗಳು ಅದರ ಸದಸ್ಯರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕೆಂದು ಹೇಳಿದವು. ಬೀಜ ಕಾಪಾಡಿದ ಇಂತಹ ಮಹಿಳೆಯರೇ ಆ ಸಮಿತಿಗೆ ಯೋಗ್ಯ ಸದಸ್ಯರು.

ಸೊಪ್ಪಿನ ಬೆಳೆ: ಬಿಸಿಲು ಮತ್ತು ಬಿರುಮಳೆ

ಕೊತ್ತಂಬರಿ ಬಿಸಿಲು ಹೆಚ್ಚಾದರೆ ಬೇಗ ಹೂ ಬಿಟ್ಟು ಸೊಪ್ಪಿನ ಇಳುವರಿ ಕುಗ್ಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಶೇ. 50ರ ನೆರಳು ಪರದೆಯಡಿ ಬೆಳೆಯುವುದು ಅಥವಾ ಆ ಅವಧಿಗೆ ಬಿಸಿಲು ತಾಳುವ ದಂಟಿಗೆ ಬದಲಾಯಿಸುವುದು ಉತ್ತಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಒಮ್ಮೆ ಬಿತ್ತಿ ಹಲವು ಬಾರಿ ಕೊಯ್ಯಬಹುದಾದ್ದರಿಂದ ಬೀಜ, ಉಳುಮೆ ಮತ್ತು ನೀರಿನ ಖರ್ಚು ತಗ್ಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಬೆಳೆಗೆ ಸುಮಾರು ಒಂದು ಮೀಟರ್ ಅಗಲ, 15 ಸೆಂ.ಮೀ. ಎತ್ತರದ ಮಡಿ ಮಾಡಿ, ಮಡಿಗಳ ನಡುವೆ ಬಸಿಗಾಲುವೆ ಬಿಡಬೇಕು. ಎಲ್ಲವನ್ನೂ ಒಂದೇ ದಿನ ಬಿತ್ತದೆ ವಾರಕ್ಕೊಂದು ಮಡಿಯಂತೆ ಬಿತ್ತಿದರೆ ಒಂದು ಬಿರುಮಳೆಗೆ ಇಡೀ ಬೆಳೆ ಹೋಗುವ ಅಪಾಯ ಕಡಿಮೆಯಾಗುತ್ತದೆ.

ನಗರದ ಬಳಸಿದ ನೀರು: ಎಚ್ಚರಿಕೆಯ ಕ್ರಮಗಳು

ನಗರದಂಚಿನಲ್ಲಿ ಬೇಸಿಗೆಯಲ್ಲೂ ಬತ್ತದ ನೀರೆಂದರೆ ನಗರದ ಬಳಸಿದ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಈ ಯೋಜನೆಯ ಗುರಿ. ಇದರ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ಕೆರೆಯಿಂದ ನೇರವಾಗಿ ನೀರೆತ್ತಿ ಹಾಯಿಸುವುದಲ್ಲ. ಇನ್ನು ವೃಷಭಾವತಿಯಂತಹ ಹರಿವುಗಳಲ್ಲಿ ಮನೆಗಳ ಕೊಳಚೆಯೊಡನೆ ಕೈಗಾರಿಕಾ ತ್ಯಾಜ್ಯವೂ ಸೇರಿರುತ್ತದೆ. ಇಂತಹ ನೀರಿನಲ್ಲಿ ಬರಿಗಾಲಿನಲ್ಲಿ ನಿಂತು ಸೊಪ್ಪು ಕೀಳುವವರು, ಅದೇ ನೀರಿನಲ್ಲಿ ತೊಳೆದು ಕಟ್ಟು ಕಟ್ಟುವವರು ಬಹುಪಾಲು ಮಹಿಳೆಯರೇ ಆಗಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯು 2006ರ ಮಾರ್ಗಸೂಚಿಯಲ್ಲಿ ಒಂದೇ ಉಪಾಯವನ್ನು ನಂಬದೆ ಹಲವು ತಡೆಗಳನ್ನು ಒಂದರ ಮೇಲೊಂದು ಇಡಬೇಕೆಂದು ಸೂಚಿಸಿದೆ. ಅದರ ಸಾರ ಹೀಗಿದೆ:

* ಕೊಯ್ಲಿಗೆ ಮುನ್ನ ನೀರು ಹಾಯಿಸುವುದನ್ನು ನಿಲ್ಲಿಸಿದರೆ, ಬಿಸಿಲು ಮತ್ತು ಒಣಹವೆಗೆ ಅನುಗುಣವಾಗಿ ರೋಗಾಣುಗಳ ಸಂಖ್ಯೆ ಪ್ರತಿ ದಿನ ಮೂರನೇ ಒಂದರಿಂದ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೊಪ್ಪು ಬಾಡದಷ್ಟು ಅಂತರವನ್ನು, ಸಾಧ್ಯವಾದರೆ ಎರಡು ದಿನ, ಬಿಡಿ.
* ಹನಿ ನೀರಾವರಿಯಿಂದ ನೆಲಕ್ಕೆ ಹತ್ತಿರವಿರುವ ಬೆಳೆಗಳಲ್ಲಿ ರೋಗಾಣುಗಳು ನೂರನೇ ಒಂದು ಭಾಗಕ್ಕೆ, ಎತ್ತರದ ಬೆಳೆಗಳಲ್ಲಿ ಹತ್ತು ಸಾವಿರದ ಒಂದು ಭಾಗಕ್ಕೆ ತಗ್ಗುತ್ತವೆ. ಸೊಪ್ಪಿನ ಮೇಲೆ ನೀರು ಚಿಮುಕಿಸಬೇಡಿ.
* ಶುದ್ಧ ನೀರಿನಲ್ಲಿ ತೊಳೆದರೆ ಉಳಿದ ರೋಗಾಣುಗಳು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತವೆ. ಕಟ್ಟು ತೊಳೆಯಲು ಕೊಳವೆಬಾವಿಯ ನೀರಿನ ಒಂದು ತೊಟ್ಟಿಯನ್ನು ಸಾಮೂಹಿಕವಾಗಿ ನಿರ್ಮಿಸಿಕೊಳ್ಳಿ.
* ಕೆಲಸ ಮಾಡುವವರು ಗಮ್‌ಬೂಟು ಮತ್ತು ಕೈಗವಸು ಧರಿಸಬೇಕು, ಊಟಕ್ಕೆ ಮುನ್ನ ಸಾಬೂನಿನಿಂದ ಕೈತೊಳೆಯಬೇಕು. ಗಾಯವಾದರೆ ಧನುರ್ವಾಯು ಲಸಿಕೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ಈ ತಡೆಗಳು ರೋಗಾಣುಗಳಿಗೆ ಮಾತ್ರ ಅನ್ವಯಿಸುತ್ತವೆ. ಕ್ಯಾಡ್ಮಿಯಂ, ಸೀಸದಂತಹ ಭಾರಲೋಹಗಳು ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ. ಸೊಪ್ಪುಗಳು ಇವನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಕೈಗಾರಿಕಾ ತ್ಯಾಜ್ಯ ಸೇರುವ ಕಡೆ ಸೊಪ್ಪು ಬೆಳೆಯದೆ ಚೆಂಡುಹೂ, ಸೇವಂತಿಗೆಯಂತಹ ತಿನ್ನದ ಬೆಳೆಗೆ ಬದಲಾಗುವುದೇ ಸರಿಯಾದ ದಾರಿ. ಆದರೆ ಹೂವಿನ ಸಸಿ, ಔಷಧಿಗೆ ಬೇಕಾಗುವ ಬಂಡವಾಳ ಗುತ್ತಿಗೆದಾರ ಮಹಿಳೆಯ ಕೈಯಲ್ಲಿರುವುದಿಲ್ಲ. ಸಾಲದ ವ್ಯವಸ್ಥೆಯನ್ನು ತೋರಿಸದೆ ‘ಸೊಪ್ಪು ಬೆಳೆಯಬೇಡಿ’ ಎಂದಷ್ಟೇ ಹೇಳುವುದು ಅವರ ಅನ್ನ ಕಿತ್ತುಕೊಂಡಂತೆ. ಸಲಹೆ ನೀಡುವ ನಾವೆಲ್ಲರೂ ಇದನ್ನು ನೆನಪಿಡಬೇಕು.

ನಗರದ ಹಸಿ ಕಸದಿಂದ ಗೊಬ್ಬರ

ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ ಮತ್ತು ಮಂಡೂರಿನಂತಹ ಅಂಚಿನ ಹಳ್ಳಿಗಳಲ್ಲಿ ರಾಶಿ ಬಿದ್ದ ಕಥೆ ನಿಮಗೆ ತಿಳಿದಿದೆ. ಗಾಳಿಯಾಡದ ರಾಶಿಯಲ್ಲಿ ಹಸಿ ಕಸ ಕೊಳೆತಾಗ ಮೀಥೇನ್ ಅನಿಲ ಹೊರಬರುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27ರಿಂದ 30 ಪಟ್ಟು ಹೆಚ್ಚು. ಅದೇ ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಿ, ಗಾಳಿಯಾಡುವಂತೆ ಮಗುಚಿ ಕಾಂಪೋಸ್ಟ್ ಮಾಡಿದರೆ ಮೀಥೇನ್ ಬಹಳಷ್ಟು ತಗ್ಗುತ್ತದೆ, ಕೆಂಪು ಮಣ್ಣಿಗೆ ಸಾವಯವ ಅಂಶವೂ ದೊರೆಯುತ್ತದೆ. ಹವಾಮಾನ ಬದಲಾವಣೆಯನ್ನು ತಗ್ಗಿಸುವ ಮತ್ತು ಅದಕ್ಕೆ ಹೊಂದಿಕೊಳ್ಳುವ ಕೆಲಸಗಳೆರಡೂ ಇಲ್ಲಿ ಒಟ್ಟಿಗೆ ಆಗುತ್ತವೆ.

ಈ ಕೆಲಸವನ್ನು ಸ್ವಸಹಾಯ ಸಂಘಗಳಿಗೆ ವಹಿಸುವಾಗ ಎರಡು ಎಚ್ಚರಿಕೆ ಅಗತ್ಯ. ಬೇರ್ಪಡಿಸದ ಕಸದ ಗೊಬ್ಬರವನ್ನು ಸ್ವೀಕರಿಸಬೇಡಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟ್‌ನಲ್ಲಿ ಪ್ರತಿ ಕಿಲೋಗ್ರಾಂಗೆ ಸೀಸ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ ಮೀರಬಾರದು. ಪರೀಕ್ಷಾ ವರದಿಯನ್ನು ಕೇಳಿ ಪಡೆಯಿರಿ. ಎರಡನೆಯದಾಗಿ, ಕಸ ಮುಟ್ಟುವ ಕೆಲಸವನ್ನು ಒಂದೇ ಜಾತಿಯ ಮಹಿಳೆಯರಿಗೆ ಬಿಟ್ಟು, ಗೊಬ್ಬರ ಮಾರಿದ ಲಾಭವನ್ನು ಬೇರೆಯವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ಒಪ್ಪಬಾರದು. ಕೆಲಸದ ಸರದಿ, ಕೂಲಿ ಮತ್ತು ಲಾಭದ ಪಾಲು ಮೊದಲೇ ಲಿಖಿತವಾಗಿರಲಿ.

ಬಿಸಿಲಿನಲ್ಲಿ ದುಡಿಮೆ

ಹೊಲದಲ್ಲಿ ಶೌಚಾಲಯವಿಲ್ಲದ ಕಾರಣ ಅನೇಕ ಮಹಿಳೆಯರು ದಿನವಿಡೀ ನೀರು ಕುಡಿಯದೆ ದುಡಿಯುತ್ತಾರೆ. ಬೆವರಿನಲ್ಲಿ ಹೋದ ನೀರು ಮರಳಿ ಸೇರದಿದ್ದರೆ ಸುಸ್ತು, ಮೂತ್ರದ ಸೋಂಕು, ಕೊನೆಗೆ ಬಿಸಿಲಾಘಾತ ಸಂಭವಿಸಬಹುದು. ಗರ್ಭಿಣಿಯರಿಗೆ ಅಪಾಯ ಇನ್ನೂ ಹೆಚ್ಚು. ಮಾರ್ಚ್‌ನಿಂದ ಮೇವರೆಗೆ ಕೆಲಸವನ್ನು ಮುಂಜಾನೆ ಆರಂಭಿಸಿ 11 ಗಂಟೆಯೊಳಗೆ ಮುಗಿಸುವುದು, ಕೂಲಿ ಕಡಿತ ಮಾಡದೆ ನೆರಳಿನಲ್ಲಿ ವಿರಾಮ ನೀಡುವುದು, ಕುಡಿಯುವ ನೀರು, ಮಜ್ಜಿಗೆ ಅಥವಾ ಅಂಬಲಿ ಒದಗಿಸುವುದು, ಮರೆಯಿರುವ ಶೌಚದ ವ್ಯವಸ್ಥೆ ಮಾಡುವುದು ಹೊಲದ ಮಾಲೀಕರ ಕರ್ತವ್ಯ. ಯಾರಾದರೂ ತೊದಲಿದರೆ, ಗೊಂದಲಗೊಂಡರೆ, ಮೈ ಕಾದು ಎಚ್ಚರ ತಪ್ಪಿದರೆ ತಕ್ಷಣ ನೆರಳಿಗೆ ಸಾಗಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ರಾಗಿಯನ್ನು ಸಾಲಿನಲ್ಲಿ ಬಿತ್ತಿದರೆ ನಿಂತುಕೊಂಡೇ ಸೈಕಲ್ ಎಡೆಕುಂಟೆ ಬಳಸಬಹುದು. ಬಾಗಿ ಕಳೆ ಕೀಳುವ ಗಂಟೆಗಳು ಗಣನೀಯವಾಗಿ ಕಡಿಮೆಯಾಗುತ್ತವೆ.

ದಾಖಲೆ, ಸಾಲ ಮತ್ತು ಪರಿಹಾರ

ಭೂ ಸುಧಾರಣಾ ಕಾಯಿದೆಯು 1974ರ ತಿದ್ದುಪಡಿಯ ನಂತರ ಕೃಷಿ ಭೂಮಿಯ ಗೇಣಿಯನ್ನು ಬಹುತೇಕ ನಿಷೇಧಿಸಿರುವುದರಿಂದ ಗುತ್ತಿಗೆಗಳು ಬಾಯಿಮಾತಿನಲ್ಲಿಯೇ ನಡೆಯುತ್ತವೆ. ಬೆಳೆ ಹಾಳಾದಾಗ ಪರಿಹಾರವು ಪಹಣಿಯಲ್ಲಿರುವವರ ಖಾತೆಗೆ ಜಮೆಯಾಗುತ್ತದೆ. ನಷ್ಟ ಮಾತ್ರ ಬಿತ್ತಿದವರದು. ಇದಕ್ಕೆ ಸಂಪೂರ್ಣ ಪರಿಹಾರ ನೀತಿಯ ಮಟ್ಟದಲ್ಲಿ ಆಗಬೇಕು. ಅಲ್ಲಿಯವರೆಗೆ ಈ ಕೆಳಗಿನವು ಸಾಧ್ಯ:

1. ಗುತ್ತಿಗೆ ಮಾಡುವ 4ರಿಂದ 10 ಮಹಿಳೆಯರು ಸೇರಿ ಜಂಟಿ ಬಾಧ್ಯತಾ ಗುಂಪು ರಚಿಸಿ ಭೂ ದಾಖಲೆಯ ಅಡಮಾನವಿಲ್ಲದೆ ಬ್ಯಾಂಕ್ ಸಾಲಕ್ಕೆ ಅರ್ಜಿ ಸಲ್ಲಿಸಬಹುದು.
2. ಬಿತ್ತುವ ಮುನ್ನವೇ, ಪರಿಹಾರ ಬಂದರೆ ಹೇಗೆ ಹಂಚಿಕೊಳ್ಳಬೇಕೆಂದು ಮಾಲೀಕರೊಡನೆ ಸಂಘದ ಹಿರಿಯರ ಸಮ್ಮುಖದಲ್ಲಿ ಮಾತನಾಡಿಕೊಳ್ಳಬೇಕು.
3. ಕುಟುಂಬದ ಜಮೀನಿದ್ದು ಪತಿ ತೀರಿಕೊಂಡಿದ್ದರೆ ಪೌತಿ ಖಾತೆಗೆ ತಡಮಾಡದೆ ಅರ್ಜಿ ಸಲ್ಲಿಸಿ, ಅನಂತರ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಳ್ಳಬೇಕು.
4. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಇದೆ ಎಂದು 2005ರ ತಿದ್ದುಪಡಿ ಹೇಳುತ್ತದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿದೆ. ಬಡಾವಣೆಗೆ ಜಮೀನು ಮಾರುವಾಗ ಓದದೆ ‘ಹಕ್ಕು ಬಿಡುಗಡೆ’ ಪತ್ರಕ್ಕೆ ಸಹಿ ಮಾಡಬೇಡಿ.

ಪಂಚಾಯಿತಿ ಪುರಸಭೆಯಾದಾಗ

ನಗರದಂಚಿನ ಮತ್ತೊಂದು ವಿಶೇಷ ಸಮಸ್ಯೆಯತ್ತ ನಿಮ್ಮ ಗಮನ ಸೆಳೆಯಬೇಕು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 110 ಹಳ್ಳಿಗಳು ಅದರಲ್ಲಿ ಸೇರಿದವು. ಹಳ್ಳಿಯೊಂದು ನಗರ ಸಂಸ್ಥೆಗೆ ಸೇರಿದ ಕ್ಷಣದಿಂದ ಗ್ರಾಮಸಭೆ ಮತ್ತು ಮಹಿಳಾ ಗ್ರಾಮಸಭೆಗಳು ಇಲ್ಲವಾಗುತ್ತವೆ, ಗ್ರಾಮೀಣ ಉದ್ಯೋಗ ಖಾತರಿಯೂ ನಿಲ್ಲುತ್ತದೆ. ಕೆರೆ ಹೂಳೆತ್ತುವ, ಬದು ಹಾಕುವ ಕೆಲಸದಿಂದ ಬರುತ್ತಿದ್ದ ಕೂಲಿ ನಿಲ್ಲುತ್ತದೆ, ಹೊಲ ಮತ್ತು ಹಸುಗಳು ಮಾತ್ರ ಅಲ್ಲಿಯೇ ಇರುತ್ತವೆ. ಆದ್ದರಿಂದ ನಿಮ್ಮ ಪಂಚಾಯಿತಿ ಮೇಲ್ದರ್ಜೆಗೆ ಏರುವ ಪ್ರಸ್ತಾವವಿದ್ದರೆ, ಅದಕ್ಕೆ ಮೊದಲೇ ಕೆರೆ, ರಾಜಕಾಲುವೆ, ಗೋಮಾಳಗಳ ಗಡಿಯನ್ನು ಅಳತೆ ಮಾಡಿಸಿ ದಾಖಲಿಸಿಕೊಳ್ಳಿ. ಸೊಪ್ಪು ಬೆಳೆಯುವ ಮತ್ತು ಹಸು ಸಾಕುವ ಮಹಿಳೆಯರ ಪಟ್ಟಿಯನ್ನು ಸಭೆಯ ನಡಾವಳಿಯಲ್ಲಿ ಸೇರಿಸಿ. ಮುಂದೆ ವಾರ್ಡ್ ಮಟ್ಟದ ಸಭೆಯಲ್ಲಿ ಅಹವಾಲು ಸಲ್ಲಿಸಲು ಅದೇ ಆಧಾರವಾಗುತ್ತದೆ.

ಸಭೆ ಮತ್ತು ತರಬೇತಿಯನ್ನು ಏರ್ಪಡಿಸುವ ಬಗೆ

ಬೆಳಿಗ್ಗೆ 10 ಗಂಟೆಗೆ, ಹೋಬಳಿ ಕೇಂದ್ರದಲ್ಲಿ ಏರ್ಪಡಿಸುವ ತರಬೇತಿಗೆ ದಿನಗೂಲಿಯ ಮಹಿಳೆ ಬರುವುದು ಸಾಧ್ಯವಿಲ್ಲ. ಬಂದರೆ ಅಂದಿನ ಕೂಲಿ ಹೋಗುತ್ತದೆ. ಮಧ್ಯಾಹ್ನ ಊಟದ ನಂತರ, ಸಂಜೆಯ ಹಾಲು ಕರೆಯುವ ಹೊತ್ತಿಗೆ ಮುಗಿಯುವಂತೆ, ಅವರ ಕೇರಿಯ ಸಮೀಪದಲ್ಲಿಯೇ ಸೇರುವುದು ಸೂಕ್ತ. ಸಭೆಯ ಸ್ಥಳ ಎಲ್ಲ ಜಾತಿಯವರೂ ಸಂಕೋಚವಿಲ್ಲದೆ ಬಂದು ಕೂರುವಂಥದ್ದಾಗಿರಲಿ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿರಲಿ. ಕೃಷಿ ಹವಾಮಾನ ಸಲಹಾ ಪತ್ರಿಕೆಯು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುತ್ತದೆ. ಮೇಘದೂತ್ ಆ್ಯಪ್‌ನಲ್ಲಿಯೂ ಲಭ್ಯವಿದೆ. ಮನೆಯ ಒಂದೇ ಮೊಬೈಲ್ ಗಂಡಸರ ಜೇಬಿನಲ್ಲಿದ್ದರೆ ಈ ಮಾಹಿತಿ ಹೊಲಕ್ಕೆ ತಲುಪುವುದಿಲ್ಲ. ಸಂಘದ ಒಬ್ಬ ಸದಸ್ಯೆ ಅದನ್ನು ಓದಿ ಹಾಲಿನ ಡೇರಿಯ ಬಳಿ ಹಲಗೆಯ ಮೇಲೆ ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಬೆಳೆ ಸಂಬಂಧಿ ಸಂದೇಹಗಳಿಗೆ ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಕನ್ನಡದಲ್ಲಿಯೇ ಕರೆ ಮಾಡಬಹುದು.

ನೀವು ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳು

ಯಾವುದೇ ಹವಾಮಾನ ಸಂಬಂಧಿ ಕಾರ್ಯಕ್ರಮ ನಿಮ್ಮ ಊರಿಗೆ ಬಂದಾಗ ಇವನ್ನು ಪರಿಶೀಲಿಸಿ.

1. ಈ ಹೊಲದಲ್ಲಿ ನಿಜವಾಗಿ ದುಡಿಯುವವರು ಯಾರು? ಅವರ ಹೆಸರು ಪಟ್ಟಿಯಲ್ಲಿದೆಯೇ?
2. ಪರಿಕರ ಯಾರ ಹೆಸರಿನಲ್ಲಿದೆ? ಗುತ್ತಿಗೆ ಮುಗಿದರೆ ಅದು ಯಾರ ಬಳಿ ಉಳಿಯುತ್ತದೆ?
3. ಈ ಕ್ರಮದಿಂದ ಮಹಿಳೆಯರ ಕೆಲಸದ ಹೊರೆ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?
4. ಬೆಳೆ ಹಾಳಾದರೆ ನಷ್ಟ ಯಾರಿಗೆ, ಪರಿಹಾರ ಯಾರಿಗೆ?
5. ಸಭೆಯಲ್ಲಿ ಮಾತನಾಡದೆ ಕುಳಿತವರು ಯಾರು? ಸಭೆಗೇ ಬಾರದವರು ಯಾರು?

ಆನೇಕಲ್‌ನ ಆ ತಾಕಿಗೆ ಮುಂದಿನ ಹಂಗಾಮಿನಲ್ಲಿ ನಾವು ಮತ್ತೆ ಹೋದೆವು. ಈ ಬಾರಿ ಪಹಣಿ ಕೇಳಲಿಲ್ಲ. ಗುತ್ತಿಗೆಗೆ ಬೆಳೆಯುವ ಆರು ಮಹಿಳೆಯರ ಗುಂಪಿನ ಹೆಸರಿನಲ್ಲಿ ಕೊಳವೆಗಳನ್ನು ನೀಡಿದೆವು. ಎರಡು ವರ್ಷಗಳಲ್ಲಿ ಆ ಜಮೀನು ಬಡಾವಣೆಯಾಯಿತು. ಅಲ್ಲಿಂದ ಎದ್ದು ಹೋದ ಮಹಿಳೆ ಕೊಳವೆಗಳನ್ನು ಸುತ್ತಿ ತಲೆಯ ಮೇಲೆ ಹೊತ್ತು ಒಂದು ಮೈಲಿ ಆಚೆಯ ಹೊಸ ಗುತ್ತಿಗೆ ಹೊಲಕ್ಕೆ ಒಯ್ದರು. ನೆಲ ಉಳಿಸಿಕೊಡಲು ನಮ್ಮಿಂದ ಆಗಲಿಲ್ಲ. ನೀರು ಉಳಿಸುವ ಸಾಧನವಾದರೂ ಅವರ ಕೈಯಲ್ಲಿ ಉಳಿಯಿತು. ನಿಮ್ಮ ಊರಿನ ಮುಂದಿನ ಸಭೆಗೆ ಅಂತಹ ಒಬ್ಬ ಮಹಿಳೆಯನ್ನು ಕರೆದುಕೊಂಡು ಬನ್ನಿ, ಮೊದಲು ಅವರ ಮಾತನ್ನು ಕೇಳಿ. ಹೆಚ್ಚಿನ ತಾಂತ್ರಿಕ ಮಾಹಿತಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.